ಕಾಲು ಎಬ್ಬಿಸಿ ಏಳುವ ಮನೆಯವರು

ಕಳೆದ ವಾರ ಮುದ್ದೇಬಿಹಾಳದಿಂದ ಅಕ್ಕನ ಊರಾದ ಮಸೂತಿಗೆ ಹೋಗಿದ್ದೆ. ಬಸ್ಸಿಳಿದು ಪ್ರೌಢಶಾಲೆಯ ಮೈದಾನದ ಪಕ್ಕ ನಡೆಯುವಾಗ ಆ ವಾಸನೆ ಬಂತು. ಆಗಷ್ಟೇ ಮಳೆ ನಿಂತ ಎರೆಮಣ್ಣು, ಅದರ ಮೇಲೆ ಹೊಸದಾಗಿ ಎಳೆದ ಸುಣ್ಣದ ಗೆರೆ. ಹಸಿ ಮಣ್ಣು ಸುಣ್ಣವನ್ನು ಕುಡಿಯುವಾಗ ಬರುವ, ಮೂಗನ್ನು ಸ್ವಲ್ಪ ಚುರುಗುಟ್ಟಿಸುವ ವಾಸನೆ. ಎರಡು ಕಂಬಗಳ ನಡುವೆ ಹುಡುಗಿಯರು ಸಾಲಾಗಿ ಕೂತಿದ್ದರು. ಒಬ್ಬಳು ‘ಖೋ’ ಎಂದಳು. ನನ್ನ ಬಲಗಾಲಿನ ಹೆಬ್ಬೆರಳು ಚಪ್ಪಲಿಯಲ್ಲಿ ತನ್ನಷ್ಟಕ್ಕೆ ಅಲುಗಿತು. ಹಾಗೆ ಅಲುಗುವ ಅಗತ್ಯ ಅದಕ್ಕೆ ಈಗ ಇಲ್ಲ. ಆದರೆ ಬೆರಳಿಗೂ ನೆನಪಿರುತ್ತದೆ.

ನಾನು ಈ ಮೈದಾನದ ಎದುರಿನ ವರಾಂಡದಲ್ಲಿ ಒಂದು ಮಳೆಗಾಲ ಕಳೆದಿದ್ದೇನೆ. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮುಂದೇನು ಎಂದು ತಿಳಿಯದೆ ಸಾಲೋಟಗಿಯ ಮನೆಯಲ್ಲಿ ಕೂತಿದ್ದೆ. ಅಕ್ಕ ಫೋನು ಮಾಡಿ, “ಇಲ್ಲಿ ಸಾಲ್ಯಾಗ ವಿಜ್ಞಾನಕ್ಕ ಯಾರೂ ಇಲ್ಲಂತ. ಮನ್ಯಾಗ ಕುಂತು ಗ್ವಾಡಿ ನೋಡೂದಕ್ಕಿಂತ ಇಲ್ಲಿ ಬಂದು ಹುಡುಗರ ಮಾರಿ ನೋಡು,” ಎಂದಳು. ಹೋದೆ. ಅತಿಥಿ ಶಿಕ್ಷಕಿಯಾದೆ. ಅಕ್ಕನ ಮನೆಯಲ್ಲಿ ಮೂರೇ ಜನ. ಅಕ್ಕ, ಅವಳ ಗಂಡ, ಒಂಬತ್ತನೆಯ ಇಯತ್ತೆಯಲ್ಲಿದ್ದ ಮಗಳು ಭಾಗ್ಯಶ್ರೀ. ಭಾವನನ್ನು ನಾನು ಮಾಮಾ ಎನ್ನುತ್ತೇನೆ. ಆಲಮಟ್ಟಿಯಿಂದ ಬರುವ ಕಾಲುವೆಯ ಮೇಲೆ ಗೇಟು ಎತ್ತುವುದು, ಇಳಿಸುವುದು ಅವರ ಕೆಲಸ. ಭಾಗಿಗೆ ನಾನು ಮನೆಯಲ್ಲಿ ಸಣ್ಣವ್ವ, ಶಾಲೆಯಲ್ಲಿ ಮೇಡಂ. ಎರಡನ್ನೂ ಅವಳು ಒಮ್ಮೆಯೂ ಅದಲುಬದಲು ಮಾಡಲಿಲ್ಲ. ಅಂಥ ಜಾಣೆ.

ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಬಂದಿತ್ತು. ಹೆಸರು ಹೂ ಬಿಟ್ಟಿತ್ತು, ತೊಗರಿ ಮೊಣಕಾಲುದ್ದ ಬೆಳೆದಿತ್ತು. ಸಂಜೆ ಮಳೆ ಬಿಟ್ಟ ಕೂಡಲೇ ಪಿ.ಟಿ. ಮಾಸ್ತರರಾದ ಬಿರಾದಾರ ಸರ್ ಸುಣ್ಣದ ಡಬ್ಬಿ ಹಿಡಿದು ಮೈದಾನಕ್ಕೆ ಇಳಿಯುತ್ತಿದ್ದರು. ಬಸವನ ಬಾಗೇವಾಡಿಯಲ್ಲಿ ತಾಲ್ಲೂಕು ಮಟ್ಟದ ಖೋಖೋ ಪಂದ್ಯಗಳು ಹತ್ತಿರ ಬಂದಿದ್ದವು. ಮಸೂತಿಯ ಹುಡುಗಿಯರ ತಂಡ ಅಲ್ಲಿಂದ ಮುಂದೆ ಒಮ್ಮೆಯೂ ಹೋಗಿರಲಿಲ್ಲ. ಈ ಸಲ ಹೋಗುತ್ತದೆ ಎಂದು ಸರ್ ನಂಬಿದ್ದು ಮುಖ್ಯವಾಗಿ ಭಾಗಿಯ ಕಾಲುಗಳ ಮೇಲೆ. ಅವಳು ಓಡಿದರೆ ಹಿಡಿಯುವವರಿರಲಿಲ್ಲ.

ಆದರೆ ಖೋಖೋದಲ್ಲಿ ಬರೀ ಓಡಿದರೆ ಸಾಲದು. ಸರದಿ ಬದಲಾದಾಗ ಸಾಲಿನಲ್ಲಿ ಮಂಡಿಯೂರಿ ಕೂಡಬೇಕು. ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ ‘ಖೋ’ ಎಂದ ಕೂಡಲೇ ಸಿಡಿದು ಎದ್ದು ಬೆನ್ನಟ್ಟಬೇಕು. ಅಲ್ಲಿ ಶುರುವಾಯಿತು ಎಲ್ಲ.

“ಏ ಭಾಗ್ಯಶ್ರೀ! ಕಾಲಾಗ ಇರಿವಿ ಹೊಕ್ಕಾವೇನ ನಿನಗ? ಬೆರಳ ಯಾಕ ಅಲಗಾಡಸ್ತಿ?” ಎಂದು ಸರ್ ಕೂಗಿದ್ದು ವರಾಂಡದಲ್ಲಿ ಕೂತ ನನಗೂ ಕೇಳಿತು.

“ಇಲ್ರಿ ಸರ್, ಕಾಲ ಎಬ್ಬಸಾಕತ್ತೇನ್ರಿ.”

ಸಾಲಿನ ತುಂಬ ನಗೆ. “ಕಾಲ ಎಬ್ಬಸತಾಳಂತ! ಅದಕ್ಕೊಂದು ಕಪ್ ಚಾ ಕುಡಿಸಿ ಎಬ್ಬಸವಾ,” ಎಂದರು ಸರ್. ಆಮೇಲೆ ದನಿ ಬಿಗಿ ಮಾಡಿದರು. “ಎದುರಿನಾಕಿ ನಿನ್ನ ಕಾಲಬೆರಳ ನೋಡೇ ಯಾರಿಗೆ ಖೋ ಬೀಳತೈತಿ ಅಂತ ತಿಳ್ಕೋತಾಳ. ಇವತ್ತಿನಿಂದ ಯಾರೂ ಅಲಗಾಡಬಾರದು. ಕಲ್ಲಿನಂಗ ಕುಂಡ್ರಬೇಕು.”

ನನಗೆ ನಗೆ ಬರಲಿಲ್ಲ. ಅದು ನಮ್ಮ ಮನೆಯ ಮಾತು.

ಸಾಲೋಟಗಿಯ ನಮ್ಮ ಮನೆಯಲ್ಲಿ ಯಾರೂ ಕೂತಲ್ಲಿಂದ ಒಮ್ಮೆಲೇ ಏಳುವುದಿಲ್ಲ. ಊಟ ಮುಗಿದ ಮೇಲೆ ಎಲ್ಲರೂ ಮೊದಲು ಕಾಲ್ಬೆರಳುಗಳನ್ನು ಮಡಚಿ ಬಿಡಿಸುತ್ತೇವೆ, ಪಾದವನ್ನು ನೆಲಕ್ಕೆ ಒತ್ತುತ್ತೇವೆ, ಮೊಣಕಾಲನ್ನು ಅಂಗೈಯಿಂದ ಉಜ್ಜುತ್ತೇವೆ, ಆಮೇಲೆ ಏಳುತ್ತೇವೆ. ಅಪ್ಪನ ತಾಯಿ, ನಮ್ಮ ಆಯಿ, ಸಿಂದಗಿಯಿಂದ ಸೊಸೆಯಾಗಿ ಬಂದಾಗ ತಂದ ರೂಢಿ ಅದು. “ಕಾಲ ಎಬ್ಬಿಸಿ ಏಳಬೇಕು. ಮಲಗಿದ್ದ ಕಾಲನ್ನ ಎಳಕೊಂಡು ಹೊಂಟ್ರ ಅದು ಸಿಟ್ಟಿಗೇಳತೈತಿ,” ಎನ್ನುತ್ತಾಳೆ. ಮದುವೆಯಾಗಿ ಬಂದ ಅವ್ವನೂ ಕಲಿತಳು. ಮದುವೆಯಾಗಿ ಹೋದ ಅಕ್ಕ ಮಸೂತಿಯಲ್ಲಿ ಮಗಳಿಗೂ ಕಲಿಸಿದಳು. ಎಲ್ಲರ ಮನೆಯಲ್ಲೂ ಹೀಗೇ ಎಂದು ನಾನು ಬಹಳ ದಿನ ತಿಳಿದಿದ್ದೆ.

ಅದನ್ನು ಮರೆತರೆ ಏನಾಗುತ್ತದೆ ಎಂಬುದು ಮಾತ್ರ ನನಗೆ ಬೇರೆ ರೀತಿಯಲ್ಲಿ ಗೊತ್ತಿತ್ತು. ಆರನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು ಫಕ್ಕನೆ ನನ್ನ ಹೆಸರು ಕರೆದರು. ಗಾಬರಿಯಾಗಿ ಎದ್ದುಬಿಟ್ಟೆ. ಬಲಗೈ ಮಣಿಕಟ್ಟಿನಲ್ಲಿ ಮಡಚಿಕೊಂಡಿತು, ಪಾದ ಒಳಕ್ಕೆ ತಿರುಚಿತು, ಬಾಯಿ ಒಂದು ಕಡೆ ಎಳೆಯಿತು. ಎಲ್ಲವೂ ಕಾಣುತ್ತಿತ್ತು, ಎಲ್ಲವೂ ಕೇಳುತ್ತಿತ್ತು, ಮೈ ಮಾತ್ರ ನನ್ನದಾಗಿರಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಬಿಟ್ಟಿತು. ನಾನು ಮಾಸ್ತರರನ್ನು ಅಣಕಿಸಿದೆ ಎಂದು ತರಗತಿಯೆಲ್ಲ ನಕ್ಕಿತು. ಆಮೇಲಿನಿಂದ ನಾನು ಎಲ್ಲಿಯೂ ಅವಸರದಿಂದ ಏಳಲಿಲ್ಲ. ಬಸ್ಸು ಹೊರಟರೆ ಬಿಟ್ಟೆ. ಫೋನು ಬಡಿದರೆ ಬಡಿಯಲಿ ಎಂದು ಬಿಟ್ಟೆ. ಯಾರಾದರೂ ಬಾಗಿಲು ತಟ್ಟಿದರೆ ಕೂತಲ್ಲಿಂದಲೇ ‘ಬಂದೆ’ ಎಂದು ಕಾಲು ಎಬ್ಬಿಸಿಕೊಂಡು ಹೋದೆ. ನಿಧಾನದ ಹುಡುಗಿ, ಗಂಭೀರ ಹುಡುಗಿ ಎಂದರು. ಅನ್ನಲಿ ಎಂದು ಬಿಟ್ಟೆ. ಯಾರಿಗೂ ಹೇಳಲಿಲ್ಲ.

ಸರ್ ಆ ನಿಯಮ ಮಾಡಿದ ಮರುದಿನ ಸಂಜೆ ಭಾಗಿ ಕಲ್ಲಿನಂತೆ ಕೂತಳು. ಗೆಳತಿ ಬೆನ್ನು ಮುಟ್ಟಿ ‘ಖೋ’ ಎಂದಳು. ಭಾಗಿ ಎದ್ದಳು. ಎದ್ದವಳ ಬಲಪಾದ ಒಳಕ್ಕೆ ಹೊರಳಿತು, ತೋಳು ಬಟ್ಟೆ ಹಿಂಡಿದಂತೆ ತಿರುಚಿ ಬೆನ್ನ ಹಿಂದೆ ಹೋಯಿತು, ಮುಖ ಎಳೆದುಕೊಂಡಿತು. ಹಾಗೇ ನಿಂತಳು. ಆಮೇಲೆ ಏನೂ ಆಗದವಳಂತೆ ಓಡಿದಳು.

ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಕೆಳಗೆ ಬಿತ್ತು. ಅದನ್ನು ಹೊರಗಿನಿಂದ ನಾನು ನೋಡಿದ್ದು ಅದೇ ಮೊದಲು.

ವಾರದೊಳಗೆ ಅದು ಊರಿನ ಮಾತಾಯಿತು. ಬಿರಾದಾರ ಸರ್ ನಾಟಕ ಎಂದರು. “ಓಡಾಕ ಚಿಗರಿ, ಏಳಾಕ ಎಮ್ಮಿ. ಸಾಲಿನ್ಯಾಗ ಕುಂಡ್ರಾಕ ಮನಸಿಲ್ಲ ಆಕಿಗೆ, ಅದಕ್ಕ ಈ ಸೋಗು.” ಗೆಳತಿಯರು ಫಿಟ್ಸ್ ಎಂದರು. ಆ ಶಬ್ದ ಮನೆಗೆ ಬಂದಾಗ ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ನಾಳಿಂದ ಆಟಗೀಟ ಬಂದ್. ಸಾಲಿ, ಮನಿ, ಅಷ್ಟ.”

“ಯವ್ವಾ, ಮುಂದಿನ ತಿಂಗಳ ಮ್ಯಾಚ್ ಐತಿ!”

“ಇರಲಿ ಬಿಡು. ಫಿಟ್ಸ್ ಅಂತ ಹೆಸರ ಬಿತ್ತಂದ್ರ ಆ ಹೆಸರ ತೊಳದ್ರ ಹೋಗ್ತದೇನ? ನಾಳೆ ನಿನ್ನ ಕೇಳಾಕ ಬಂದವರು ಮೊದಲ ಇದನ್ನ ಕೇಳತಾರ.”

ಭಾಗಿ ಅಳಲಿಲ್ಲ. ಕಾಲು ಎಬ್ಬಿಸದೆ ತಟ್ಟನೆ ಎದ್ದಳು, ಬಾಗಿಲ ಚೌಕಟ್ಟು ಹಿಡಿದು ಆ ಹತ್ತು ಎಣಿಕೆ ತಿರುಚಿಕೊಂಡು ನಿಂತಳು, ಬಿಟ್ಟ ಮೇಲೆ ಅಂಗಳಕ್ಕೆ ಹೋದಳು. ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು.

ನಾನು ನಿಧಾನವಾಗಿ ಎದ್ದು ಅವಳ ಹಿಂದೆ ಹೋದೆ. ಅವಳು ಸೌದೆಯ ಮೇಲೆ ಕೂತಿದ್ದಳು.

“ಅದು ಬರೂ ಮುಂಚೆ ಏನರ ಆಗ್ತದೇನು?” ಎಂದು ಕೇಳಿದೆ.

“ಅಂಗಾಲಾಗ ಖರೇನ ಇರಿವಿ ಹರದಂಗ ಆಗ್ತದ ಸಣ್ಣವ್ವ. ಸರ್ ಚಾಷ್ಟಿ ಮಾಡಿದ್ರು, ಆದ್ರ ಖರೇ ಐತಿ.”

“ಆಮ್ಯಾಲ ಮೊಣಕಾಲಿಗೆ ಏರತಾವ?”

“ಹೂಂ.”

“ಒಮ್ಮಿ ಬಂದು ಹ್ವಾದ ಮ್ಯಾಲ ಸ್ವಲ್ಪ ಹೊತ್ತು ಎಷ್ಟು ಜೋರಾಗಿ ಎದ್ರೂ ಬರೂದಿಲ್ಲ. ಹೌದಲ್ಲ?”

ಅವಳು ನನ್ನನ್ನೇ ನೋಡಿದಳು. “ನಾ ಅದನ್ನ ಯಾರಿಗೂ ಹೇಳಿಲ್ಲ. ನಿನಗ ಹೆಂಗ ಗೊತ್ತಾತು?”

“ಓದೇನಿ,” ಎಂದೆ. ಓದಿರಲಿಲ್ಲ.

ಓದಿದ್ದು ಮರುದಿನ. ಶಾಲೆಯ ಪ್ರಯೋಗಾಲಯದ ಕಿಟಕಿಯ ಪಕ್ಕ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ, ಹುಡುಗರು ಊಟದ ತಟ್ಟೆ ತೊಳೆಯುವ ಸದ್ದಿನ ನಡುವೆ, ‘ತಟ್ಟನೆ ಎದ್ದಾಗ ಮೈ ತಿರುಚುವುದು, ಎಚ್ಚರ ತಪ್ಪುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದು ಹುಡುಕಿದೆ. ಬಂದ ಮೊದಲ ಲೇಖನವನ್ನೇ ಓದುತ್ತ ಹೋದೆ. ಕುಳಿತಲ್ಲಿಂದ ಫಕ್ಕನೆ ಎದ್ದಾಗ ಅಥವಾ ಓಟ ಶುರು ಮಾಡುವಾಗ ಬರುತ್ತದೆ. ಕೆಲವು ಸೆಕೆಂಡುಗಳಲ್ಲಿ ಹೋಗುತ್ತದೆ. ಎಚ್ಚರವಿರುತ್ತದೆ. ಬರುವ ಮುಂಚೆ ಕಾಲಿನಲ್ಲಿ ಏನೋ ಹರಿದಂತಾಗುತ್ತದೆ. ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಮತ್ತೆ ಬರುವುದಿಲ್ಲ. ಎಳೆವಯಸ್ಸಿನಲ್ಲಿ ಶುರುವಾಗುತ್ತದೆ. ಮನೆತನದಲ್ಲಿ ಹರಿಯುತ್ತದೆ, ಆದರೆ ನಡುವೆ ಒಬ್ಬರನ್ನು ಬಿಟ್ಟು ಮುಂದಿನವರಿಗೂ ಹೋಗಬಹುದು. ಕೆಲವರು ಏಳುವ ಮುಂಚೆ ಕೈಕಾಲನ್ನು ಮೆಲ್ಲಗೆ ಆಡಿಸಿ ಅದನ್ನು ತಡೆದುಕೊಳ್ಳುತ್ತಾರೆ.

ಕೊನೆಯ ಸಾಲನ್ನು ಎರಡು ಸಲ ಓದಿದೆ. ಆಯಿಯ ದನಿ ಕೇಳಿದಂತಾಯಿತು.

ಅದರ ಕೆಳಗೇ ಕಾರಣ ಬರೆದಿತ್ತು. ನರಕೋಶದ ಸೋಡಿಯಂ ಕಾಲುವೆಗಳು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಧಾರವಾಡದಲ್ಲಿ ನನಗೆ ಅತ್ಯಂತ ಪ್ರಿಯವಾದ ಪಾಠ ಅದು. ಪ್ರತಿ ನರಕೋಶದ ಗೋಡೆಯಲ್ಲಿ ಪ್ರೋಟೀನಿನಿಂದಾದ ಸೂಕ್ಷ್ಮ ದ್ವಾರಗಳಿರುತ್ತವೆ. ಉಪ್ಪಿನಲ್ಲಿರುವ ಸೋಡಿಯಂ ಕೋಶದ ಹೊರಗೆ ಹೆಚ್ಚು, ಪೊಟ್ಯಾಸಿಯಂ ಒಳಗೆ ಹೆಚ್ಚು. ಸುದ್ದಿ ಬಂದ ಕೂಡಲೇ ಸೋಡಿಯಂ ದ್ವಾರ ತೆರೆಯುತ್ತದೆ. ವಿದ್ಯುತ್ತಿನ ಕಣಗಳು ಒಳಗೆ ನುಗ್ಗುತ್ತವೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ, ಒಳಗಿನಿಂದ ಒಂದು ಮುಚ್ಚಳ ಬಂದು ಆ ಬಾಯಿಯನ್ನು ಮುಚ್ಚುತ್ತದೆ. ಆಮೇಲೆ ಪೊಟ್ಯಾಸಿಯಂ ತನ್ನ ದಾರಿಯಿಂದ ಹೊರಬಂದು ಕೋಶ ಶಾಂತವಾಗುತ್ತದೆ. ತೆರೆ, ಮುಚ್ಚು, ಶಾಂತವಾಗು. ನಾವು ಕೈ ಎತ್ತುವುದು, ನೋವು ಅನ್ನುವುದು, ಮಗ್ಗಿ ನೆನಪಿಡುವುದು ಎಲ್ಲ ಇಷ್ಟರಿಂದಲೇ. ಈ ದ್ವಾರಗಳನ್ನು ಹದದಲ್ಲಿಡಲು ಬೇರೆ ಪ್ರೋಟೀನುಗಳಿವೆ. ಅವುಗಳಲ್ಲೊಂದು ಹುಟ್ಟಿನಿಂದ ಸರಿಯಿಲ್ಲದಿದ್ದರೆ ದ್ವಾರಗಳು ಅತಿ ಚುರುಕಾಗುತ್ತವೆ. ಫಕ್ಕನೆ ಎದ್ದಾಗ ಮಿದುಳಿನಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಸುದ್ದಿ ಹೊರಡುತ್ತದೆ.

ಈ ಚಿತ್ರವನ್ನು ನಾನು ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ಬಿಡಿಸಿದ್ದೆ. ಬಿಡಿಸಿ ಮುಗಿಸಿ, ಉತ್ತರಪತ್ರಿಕೆ ಕೊಡಲು ಏಳುವ ಮುಂಚೆ ಬೆಂಚಿನ ಕೆಳಗೆ ಕಾಲು ಎಬ್ಬಿಸಿಕೊಂಡಿದ್ದೆ. ಕಾಗದದ ಮೇಲಿನ ದ್ವಾರಕ್ಕೂ ಬೆಂಚಿನ ಕೆಳಗಿನ ಹೆಬ್ಬೆರಳಿಗೂ ಸಂಬಂಧವಿರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಇನ್ನೊಂದು ಸಾಲು ಉಳಿದಿತ್ತು. ಈ ದ್ವಾರದ ಮುಚ್ಚಳವನ್ನು ಇನ್ನಷ್ಟು ಹೊತ್ತು ಮುಚ್ಚಿಡುವ ಒಂದು ಹಳೆಯ ಔಷಧಿ, ಬಹಳ ಸಣ್ಣ ಪ್ರಮಾಣದಲ್ಲಿ, ಬಹುತೇಕರಲ್ಲಿ ಇದನ್ನು ಪೂರ್ತಿ ನಿಲ್ಲಿಸುತ್ತದೆ.

ಓಡಬೇಕೆನಿಸಿತು. ಕಾಲು ಎಬ್ಬಿಸಿಕೊಂಡೆ, ಎದ್ದೆ, ಓಡಿದೆ. ಕೊಡೆ ಪ್ರಯೋಗಾಲಯದಲ್ಲೇ ಉಳಿಯಿತು.

ಮಾಮಾ ಕಾಲುವೆಯ ಗೇಟಿನ ಹತ್ತಿರ ಚಕ್ರಕ್ಕೆ ಗ್ರೀಸು ಹಚ್ಚುತ್ತಿದ್ದರು. ತುಂತುರು ಮಳೆಯಲ್ಲಿ ಏದುಸಿರು ಬಿಡುತ್ತ ನಿಂತ ನನ್ನನ್ನು ನೋಡಿ, “ಏನ್ರಿ ಮೇಡಮ್ಮಾರ, ನೀವು ಓಡೂದು ನೋಡಿ ಇವತ್ತ ಕಾಲುವಿ ಒಡದೈತಿ ಅನಕೊಂಡ್ನಿ,” ಎಂದರು.

ನಾನು ಎಲ್ಲ ಹೇಳಿದೆ. ನರಕೋಶ, ದ್ವಾರ, ಮುಚ್ಚಳ. ಅಷ್ಟು ಮಾತನ್ನು ಒಂದೇ ಉಸಿರಿನಲ್ಲಿ ನಾನು ಆಡಿದ್ದನ್ನು ಅವರು ಕೇಳಿರಲಿಲ್ಲ. “ಹಲ್ಲ ಕೀಳೂವಾಗ ಡಾಕ್ಟರು ಸೂಜಿ ಚುಚ್ಚತಾರಲ್ಲ ಮಾಮಾ, ಆ ಔಷಧ ಇಂಥ ಬಾಗಲಾನ ಬಂದ್ ಮಾಡತೈತಿ. ಅದಕ್ಕ ನೋವು ಗೊತ್ತಾಗೂದಿಲ್ಲ. ಚೇಳ ಕಡದಾಗ ಅದರ ವಿಷ ಬಾಗಲಾ ಮುಚ್ಚಾಕ ಬಿಡೂದಿಲ್ಲ. ಅದಕ್ಕ ಅಷ್ಟು ಉರಿ.”

ಅವರು ಗ್ರೀಸಿನ ಕೈಯನ್ನು ಚಿಂದಿಗೆ ಒರೆಸಿಕೊಂಡರು. “ಅಂದ್ರ ಭಾಗಿ ತಲಿಯೊಳಗೂ ನಮ್ಮ ಇಲಾಖೆನ ಐತಿ ಅನ್ನು. ಗೇಟ್ ಎತ್ತೂದು ಬರೋಬರಿ, ಇಳಸೂದರಾಗ ಗಡಬಡಿ.”

“ಹಂಗ ಅನಕೋರಿ.”

“ರಿಪೇರಿ ಆಗತೈತೇನ?”

“ಆಗತೈತಿ. ವಿಜಯಪುರಕ್ಕ ನರದ ಡಾಕ್ಟರ ಕಡೆ ಹೋಗೂಣು. ಬರೀ ಓದಿ ಹೇಳಾಕತ್ತೇನಿ, ಅವರು ನೋಡಿ ಹೇಳಬೇಕು.”

“ನಿಮ್ಮಕ್ಕಗ ನಾ ಹೇಳತೇನಿ,” ಎಂದರು ಅವರು. ಗ್ರೀಸಿನ ಡಬ್ಬಿಯ ಮುಚ್ಚಳ ಹಾಕಿದರು. “ಕೂಸಿನ ಆಟ ಬಿಡಸಬ್ಯಾಡ್ರಿ ಯಾರೂ. ಆಕಿ ಓಡೂದು ನೋಡಿದ್ರ ನನಗ ಹೊಟ್ಟಿ ತುಂಬತೈತಿ.”

ನನ್ನ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಬದಲಿಗೆ ಗೇಟಿನ ಚಕ್ರವನ್ನು ತಿರುಗಿಸಲು ಎಷ್ಟು ಜನ ಬೇಕಾಗುತ್ತದೆ ಎಂದು ಕೇಳಿದೆ.

ನಾಲ್ವರೂ ವಿಜಯಪುರಕ್ಕೆ ಹೋದೆವು. ಆಸ್ಪತ್ರೆಯಲ್ಲಿ ಜನವೋ ಜನ. ಅಕ್ಕ ತಲೆ ತುಂಬ ಸೆರಗು ಹೊದ್ದು, ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತ ಕೂತಿದ್ದಳು. ಕಾದು ಕಾದು ಭಾಗಿಗೆ ತೂಕಡಿಕೆ ಬಂದಿತ್ತು. ಆಗ ನರ್ಸು ಅವಳ ಹೆಸರು ಕೂಗಿದಳು. ಭಾಗಿ ದಡಕ್ಕನೆ ಎದ್ದಳು. ಅಲ್ಲೇ, ಬೆಂಚಿನ ಪಕ್ಕ, ಕೈ ತಿರುಚಿತು, ಪಾದ ಹೊರಳಿತು. ನಾನು ಅವಳ ಮುಂದೆ ನಿಂತು ಮರೆ ಮಾಡಿದೆ. ಬಿಟ್ಟಿತು. ಒಳಗೆ ಹೋದೆವು.

ಮರೆ ಮಾಡಿದ್ದು ಎಂಥ ಪೆದ್ದುತನ ಎಂದು ಒಳಗೆ ಹೋದ ಮೇಲೆ ತಿಳಿಯಿತು.

ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು, ಚುರುಕು ಕಣ್ಣು. ಕೇಳಬೇಕಾದ್ದನ್ನೆಲ್ಲ ಕೇಳಿ, ಸುತ್ತಿಗೆಯಿಂದ ಮೊಣಕಾಲು ತಟ್ಟಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಎಲ್ಲ ಸರಿಯಿತ್ತು. “ಜೋರಾಗಿ ಏಳಮ್ಮ,” ಎಂದರು. ಭಾಗಿ ಎದ್ದಳು. ಏನೂ ಇಲ್ಲ. “ಹೊಳ್ಳಿ ಕುಂತು ಹೊಳ್ಳಿ ಏಳು.” ಏನೂ ಇಲ್ಲ. ಮೂರನೆಯ ಸಲವೂ ಇಲ್ಲ. ಒಂದು ಸಲ ಬಂದು ಹೋಗಿತ್ತಲ್ಲ. ಇನ್ನು ಸ್ವಲ್ಪ ಹೊತ್ತು ಬರುವುದಿಲ್ಲ ಎಂದು ನನಗೂ ಅವಳಿಗೂ ಗೊತ್ತಿತ್ತು. ಹಾಗೆಂದು ಹೇಳಿದೆ. ಡಾಕ್ಟರು ತಲೆಯಾಡಿಸಿದರು, ಆದರೆ ನಂಬಿದಂತೆ ಕಾಣಲಿಲ್ಲ. ಹೊರಗಿನ ಸಾಲು ಉದ್ದವಿತ್ತು.

“ನೋಡ್ರಿ, ಮ್ಯಾಚು ಹತ್ತಿರ ಬಂದಾಗ ಹುಡುಗರಿಗೆ ಹೆದರಿಕೆಯಿಂದಲೂ ಹೀಗಾಗ್ತದ. ನಾನು ಕಣ್ಣಿನಿಂದ ನೋಡದೆ ನರದ ಔಷಧಿ ಬರೆಯೋದಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗ್ತದೇನು?”

“ಯಾರಿಗೂ ಇಲ್ರಿ,” ಎಂದಳು ಅಕ್ಕ ಕೂಡಲೇ. “ನಮ್ಮ ಮನ್ಯಾಗ ಇಂಥಾದ್ದು ಯಾರಿಗೂ ಇಲ್ರಿ.”

ಡಾಕ್ಟರು ಪೆನ್ನು ಎತ್ತಿಕೊಂಡರು. ಹೆದರಿಕೆ ಎಂದು ಬರೆದುಬಿಟ್ಟರೆ ಮಸೂತಿಯಲ್ಲಿ ಅದು ನಾಟಕ ಎಂದಾಗುತ್ತದೆ, ಇಲ್ಲವೇ ಫಿಟ್ಸ್ ಎಂದಾಗುತ್ತದೆ. ಎರಡರಲ್ಲಿ ಯಾವುದಾದರೂ ಭಾಗಿ ಇನ್ನು ಸಾಲಿನಲ್ಲಿ ಕೂಡುವುದಿಲ್ಲ. ಅವಳು ನನ್ನ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ. ನನಗೆ ಹೇಗೆ ಗೊತ್ತಾಯಿತೆಂದು ಸೌದೆಯ ಮೇಲೆ ಕೂತು ಕೇಳಿದ್ದಳಲ್ಲ, ಅದೇ ಪ್ರಶ್ನೆ.

ನಾನು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ನನ್ನ ಹೆಬ್ಬೆರಳು ಆಗಲೇ ಮಡಚಿಕೊಳ್ಳತೊಡಗಿತ್ತು. ಅದನ್ನು ನಿಲ್ಲಿಸಿದೆ. ಕಲ್ಲಿನಂತೆ ಕೂತೆ. ಹೆದರಿಕೆಯಾಗಲಿಲ್ಲ. ಚಿಕ್ಕವಳಿದ್ದಾಗ ಜೋಕಾಲಿ ಮೇಲಕ್ಕೆ ಹೋಗಿ, ಇಳಿಯುವ ಮುಂಚೆ ಒಂದು ಕ್ಷಣ ನಿಲ್ಲುತ್ತಿತ್ತಲ್ಲ, ಹಾಗೆ ಅನಿಸಿತು.

“ಡಾಕ್ಟ್ರೇ, ಇಲ್ಲಿ ನೋಡ್ರಿ,” ಎಂದು ಒಮ್ಮೆಲೇ ಎದ್ದೆ.

ಇರುವೆಗಳು ಅಂಗಾಲಿನಿಂದ ಮೊಣಕಾಲಿಗೆ ಏರಿದವು. ಪಾದ ಒಳಕ್ಕೆ ಹೊರಳಿತು. ಬಲಗೈ ಮಡಚಿ ಎದೆಗೆ ಬಂತು, ಬೆರಳುಗಳು ಹಕ್ಕಿಯ ಕೊಕ್ಕಿನಂತೆ ಕೂಡಿಕೊಂಡವು, ಬಾಯಿ ಎಡಕ್ಕೆ ಎಳೆಯಿತು. ಎಲ್ಲವೂ ಕಾಣುತ್ತಿತ್ತು. ಅಕ್ಕನ ತೆರೆದ ಬಾಯಿ ಕಂಡಿತು. ಮಾಮಾ ನನ್ನನ್ನು ಹಿಡಿಯಲು ಮುಂದೆ ಬಂದದ್ದು, ಡಾಕ್ಟರು ಕೈಯೆತ್ತಿ ಅವರನ್ನು ತಡೆದದ್ದು, ಪೆನ್ನು ಮೇಜಿನ ಮೇಲಿಂದ ಉರುಳಿದ್ದು ಕಂಡಿತು. ಬಿಟ್ಟಿತು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡು ನೇರ ನಿಂತೆ.

ಮೊದಲು ಮಾತಾಡಿದ್ದು ಭಾಗಿ. “ಹಿಂಗ! ಥೇಟ್ ಹಿಂಗ!”

ಡಾಕ್ಟರು ಎದ್ದು ಬಂದಿದ್ದರು. ಅವರ ಮುಖ ಅರಳಿತ್ತು. “ಎಚ್ಚರ ಇತ್ತು?”

“ಇತ್ತುರಿ. ನೀವು ಮಾಮಾನ್ನ ತಡದದ್ದು ನೋಡಿದೆ.”

“ಎಷ್ಟು ವರ್ಷದಿಂದ?”

“ಆರನೇ ಇಯತ್ತೆಯಿಂದ.”

“ಯಾರಿಗೂ ತೋರಿಸಿಲ್ಲ?”

“ಇವತ್ತು ನಿಮಗ ತೋರಿಸಿದೆ.”

ಅವರು ನಕ್ಕರು. ನನಗೂ ನಗೆ ಬಂತು, ನಿಲ್ಲಲೇ ಇಲ್ಲ. ಪುಸ್ತಕದಲ್ಲಿ ಓದಿದ್ದನ್ನು ಹೀಗೆ ಸಣ್ಣವ್ವ, ಮಗಳು ಇಬ್ಬರಲ್ಲೂ ಜೋಡಿಯಾಗಿ ತಾನು ನೋಡಿರಲಿಲ್ಲ ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಿದರು. “ಇದು ನೀವು ಅಂಜಿರೋ ಫಿಟ್ಸ್ ಅಲ್ಲರಿ. ನಾಟಕಾನೂ ಅಲ್ಲ. ವಯಸ್ಸಾದಂತೆ ತಾನೇ ಕಡಿಮೆಯಾಗ್ತದ. ಅಲ್ಲೀತನಕ ಒಂದು ಸಣ್ಣ ಗುಳಿಗೆ.” ಮಿದುಳಿನ ವಿದ್ಯುತ್ತಿನ ಒಂದು ಪರೀಕ್ಷೆ, ರಕ್ತದ ಕೆಲವು ಪರೀಕ್ಷೆ ಮಾಡಿಸಿದರು. ಎಲ್ಲ ಸರಿ ಬಂದ ಮೇಲೆ ಇಬ್ಬರಿಗೂ ಕಾರ್ಬಮಜೆಪಿನ್ ಬರೆದರು, ರಾತ್ರಿ ಊಟವಾದ ಮೇಲೆ. ಮೈಮೇಲೆ ಗುಳ್ಳೆ ಎದ್ದರೆ, ಜ್ವರ ಬಂದರೆ ಮತ್ತೊಂದು ಗುಳಿಗೆ ನುಂಗದೆ ಕೂಡಲೇ ಬರಬೇಕು ಎಂದು ಬೆರಳೆತ್ತಿ ಎಚ್ಚರಿಸಿದರು.

ಹೊರಗೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಅಕ್ಕ ನನ್ನ ತೋಳು ಹಿಡಿದಳು. “ಇಷ್ಟ ವರ್ಷ ನನಗೂ ಹೇಳಲಿಲ್ಲಲ್ಲ ನೀ.”

“ನೀನೂ ಕಾಲು ಎಬ್ಬಸ್ತಿದ್ದಿ. ನಿನಗೂ ಐತಿ, ಹೇಳಾಕ ನಾಚಕೋತಿ ಅನಕೊಂಡಿದ್ನಿ.”

“ನನಗೆಲ್ಲಿದು! ಆಯಿ ಹೇಳತಿದ್ಲು ಅಂತ ಎಬ್ಬಸ್ತಿದ್ನಿ.” ಅವಳಿಗೆ ಅಳು, ನಗು ಒಟ್ಟಿಗೇ ಬಂದವು. ಮಾಮಾ ಎಲ್ಲರಿಗೂ ಕಬ್ಬಿನ ಹಾಲು ಕೊಡಿಸಿದರು, ಇಂಡಿ ಲಿಂಬೆ ಹಿಂಡಿಸಿ.

ಅಲ್ಲಿಂದಲೇ ಆಯಿಗೆ ಫೋನು ಹಚ್ಚಿದೆವು. ಅವಳ ಕಿವಿ ಮಂದವಾದ್ದರಿಂದ ಮಾಮಾ ಡಾಕ್ಟರು ಹೇಳಿದ ಉದ್ದನೆಯ ಇಂಗ್ಲಿಷ್ ಹೆಸರನ್ನೂ ಸೇರಿಸಿ ಕೂಗಿ ಕೂಗಿ ಹೇಳಿದರು. ರಸ್ತೆಯ ಅರ್ಧ ಜನರಿಗೆ ನನ್ನ ನರಕೋಶದ ವಿಚಾರ ತಿಳಿಯಿತು. ಅಂಥ ಹೊತ್ತಿನಲ್ಲಿ ನಾನು ನೆಲದೊಳಗೆ ಇಳಿದುಹೋಗಬೇಕಿತ್ತು. ಅವತ್ತು ಹಾಗೆನಿಸಲಿಲ್ಲ.

“ಅದಕ್ಕ ಇಷ್ಟ ದೊಡ್ಡ ಹೆಸರೈತೇನ?” ಎಂದಳು ಆಯಿ ಆ ಕಡೆಯಿಂದ. “ನಮ್ಮಪ್ಪಗ ಇತ್ತು. ಸಿಂದಗಿ ಕಡೆ ದೊಡ್ಡ ಪೈಲವಾನ ಅಂವ. ಕುಸ್ತಿಗೆ ಇಳಿಯೂ ಮುಂಚೆ ಬಾಳ ಹೊತ್ತು ತೊಡಿ ತಟ್ಟಿ, ಮಣ್ಣಾಗ ಕಾಲ ತಿಕ್ಕತಿದ್ದ. ಮಂದಿ ಸೊಕ್ಕು ಅಂತಿದ್ರು. ನಮ್ಮವ್ವ ಕಾಲ ಎಬ್ಬಸಾಕತ್ತಾನ ಅಂತಿದ್ಲು. ನನಗೂ ಸಣ್ಣಾಕಿದ್ದಾಗ ಇತ್ತು. ಆಮ್ಯಾಲ ಹೋತು. ನಿಮ್ಮಪ್ಪಗೂ ಇತ್ತು.”

“ಆಯೀ, ಇದನ್ನ ನಮಗ ಯಾಕ ಹೇಳಲಿಲ್ಲ?” ಎಂದೆ.

“ಹೇಳಿದ್ನಲ್ಲ ಯವ್ವಾ! ಹುಟ್ಟಿದಾಗಿಂದ ಹೇಳಾಕತ್ತೇನಿ. ಕಾಲ ಎಬ್ಬಿಸಿ ಏಳ್ರಿ ಅಂತ.”

ಗುಳಿಗೆ ಶುರುವಾಗಿ ಕೆಲವೇ ದಿನಗಳಲ್ಲಿ ಇರುವೆಗಳು ಹೋದವು. ಭಾಗಿ ಮನೆಯ ತುಂಬ ಎದ್ದು ಕೂತು, ಎದ್ದು ಕೂತು ಅಕ್ಕನ ತಲೆ ತಿರುಗಿಸಿದಳು. ನಾನು ಮಾತ್ರ ಅಭ್ಯಾಸ ಬಿಡಲಿಲ್ಲ. ಹೆಬ್ಬೆರಳು ಮಡಚಿ, ಬಿಡಿಸಿ, ಮೊಣಕಾಲು ಉಜ್ಜಿಯೇ ಏಳುತ್ತಿದ್ದೆ. ಹೋಗಿದೆ ಎಂದು ತಲೆಗೆ ಗೊತ್ತಿತ್ತು, ಮೈಗೆ ನಂಬಿಕೆ ಬಂದಿರಲಿಲ್ಲ.

ಬಿರಾದಾರ ಸರ್ ಕೂಡ ಕೂಡಲೇ ನಂಬಲಿಲ್ಲ. ಮೈದಾನದಲ್ಲಿ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿದರು. “ಗುಳಿಗಿ ತಗೊಂಡು ಆಡಿದ್ರ ಡೋಪಿಂಗ್ ಗೀಪಿಂಗ್ ಅಂತ ತಕರಾರು ಬರೂದಿಲ್ಲೇನ್ರಿ ಮೇಡಂ?” ಎಂದರು. ಡಾಕ್ಟರ ಚೀಟಿ ಜೊತೆಗೆ ಇಟ್ಟುಕೊಳ್ಳೋಣ ಎಂದೆ. “ಅಲ್ರಿ, ಅಲಗಾಡಬ್ಯಾಡ ಅಂದಿದ್ದ ನಾನ. ಹಂಗಂದ್ರ ನಾನ ಬರೂವಂಗ ಮಾಡಿದ್ನೇನು?” ಅವರು ಕುತ್ತಿಗೆ ತುರಿಸಿಕೊಂಡು, ಸಾಲಿನ ಹಿಂದೆ ಏನೋ ನೋಡುವವರಂತೆ ನಡೆದು ಹೋಗಿ, ಯಾವ ಸೂಚನೆಯೂ ಇಲ್ಲದೆ ಭಾಗಿಯ ಬೆನ್ನಿಗೆ ಕೈ ತಾಗಿಸಿ “ಖೋ!” ಎಂದು ಗರ್ಜಿಸಿದರು. ಅವಳು ಬಿಲ್ಲಿನಿಂದ ಬಿಟ್ಟ ಬಾಣದಂತೆ ಹೋದಳು. ಸರ್ ಕಾರಣವಿಲ್ಲದೆ ಎರಡು ಸಲ ಸೀಟಿ ಊದಿದರು.

ಬಾಗೇವಾಡಿಯ ಪಂದ್ಯದ ದಿನ ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಸುಣ್ಣದ ಗೆರೆಗಳನ್ನು ಮತ್ತೆ ಎಳೆದಿದ್ದರು. ಅದೇ ವಾಸನೆ. ಅಕ್ಕ, ಮಾಮಾ, ನಾನು ಕಲ್ಲುಕಟ್ಟೆಯ ಮೇಲೆ ಜನರ ನಡುವೆ ಕೂತೆವು. ಎದುರಾಳಿ ತಂಡ ಹೋದ ವರ್ಷ ಗೆದ್ದದ್ದು. ಓಡುವ ಸರದಿಯಲ್ಲಿ ಭಾಗಿ ಅವರನ್ನು ಬೇಕಾದಷ್ಟು ದಣಿಸಿದಳು. ಕೊನೆಯ ಸರದಿ ನಮ್ಮದು, ಬೆನ್ನಟ್ಟುವುದು. ಅಂಕ ಸಮವಾಗಿತ್ತು. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು. ಎದುರಿನ ಒಬ್ಬಳು, ಎರಡು ಜಡೆಯ ಎತ್ತರದ ಹುಡುಗಿ, ಯಾರ ಕೈಗೂ ಸಿಗದೆ ಸಾಲಿನ ಸಂದುಗಳಲ್ಲಿ ಹಾವಿನಂತೆ ಹರಿಯುತ್ತಿದ್ದಳು.

ಭಾಗಿ ಕಲ್ಲಿನಂತೆ ಕೂತಿದ್ದಳು. ನಾನು ಅವಳ ಕಾಲ್ಬೆರಳನ್ನೇ ನೋಡುತ್ತಿದ್ದೆ. ಅಲುಗಲಿಲ್ಲ. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಬಳೆ ಒತ್ತಿ ನೋಯುತ್ತಿತ್ತು. ಬೆನ್ನಟ್ಟುತ್ತಿದ್ದವಳು ದಣಿದು ತಿರುಗಿ, ಭಾಗಿಯ ಬೆನ್ನ ಹಿಂದೆ ಬಂದಳು. ಎರಡು ಜಡೆಯವಳು ಭಾಗಿಯ ಪಾದದ ಕಡೆ ಕಣ್ಣು ಹಾಯಿಸಿದಳು. ಏನೂ ಅಲುಗದ್ದನ್ನು ನೋಡಿ ಒಂದು ಹೆಜ್ಜೆ ಹತ್ತಿರ ಬಂದಳು.

“ಖೋ!”

ಸೋಡಿಯಂ ಒಳಗೆ ನುಗ್ಗಿರಬೇಕು, ಮುಚ್ಚಳ ಹೊತ್ತಿಗೆ ಸರಿಯಾಗಿ ಬಿದ್ದಿರಬೇಕು. ನಾನು ನೋಡಿದ್ದು ಇಷ್ಟೇ. ಅವಳು ನೆಲದಿಂದ ನೇರ ಎದ್ದಳು, ಪಾದ ಪಾದವಾಗಿಯೇ ಇತ್ತು, ಕೈ ಕೈಯಾಗಿಯೇ ಇತ್ತು, ಆ ಕೈ ಮುಂದಕ್ಕೆ ಚಾಚಿ ಎರಡು ಜಡೆಗಳ ನಡುವಿನ ಬೆನ್ನನ್ನು ಮುಟ್ಟಿತು. ಬಿರಾದಾರ ಸರ್ ಟೋಪಿಯನ್ನು ಕೆಸರಿಗೆ ಎಸೆದರು. ಮಾಮಾ ಏನೋ ಕೂಗಿದರು. ನಾನೂ ಕೂಗಿದೆ. ಏನು ಕೂಗಿದೆನೋ ತಿಳಿಯದು.

“ಏ ಅಕ್ಕಾರ, ಕುಂಡ್ರ್ರೀ! ಹಿಂದಿನವರಿಗೆ ಏನೂ ಕಾಣವಲ್ದು!” ಎಂದು ಬೆನ್ನ ಹಿಂದೆ ಯಾರೋ ಗದರಿದರು.

ಯಾರಿಗೆ ಹೇಳುತ್ತಿದ್ದಾರೆ ಎಂದು ಸುತ್ತ ನೋಡಿದೆ. ಕಟ್ಟೆಯ ಮೇಲೆ ಅಕ್ಕ ಕೂತಿದ್ದಳು, ಮುಖ ಮೇಲೆತ್ತಿ ನನ್ನ ಕಾಲನ್ನೂ ಕೈಯನ್ನೂ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ಆಗ ತಿಳಿಯಿತು. ಇಡೀ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತವಳು ನಾನು. ಯಾವಾಗ ಎದ್ದೆನೋ, ಹೇಗೆ ಎದ್ದೆನೋ. ಕಾಲು ಎಬ್ಬಿಸಿದ ನೆನಪಿಲ್ಲ.

“ಅಕ್ಕಾರ, ನಿಮಗ ಹೇಳಿದ್ದು! ಕುಂಡ್ರ್ರೀ!”

ನಾನು ಕೂಡಲಿಲ್ಲ.